ನಾಲ್ಕು ನಲವತ್ತಕ್ಕೆ ನಾಮಪತ್ರ ಹಿಂಪಡೆದ ಶ್ರೀ ರತ್ನಾಕರ ಅವರಿಗೆ

ಸೈಬರ್‌ಜಯಾ–ಪುತ್ರಜಯಾ ಕನ್ನಡ ಕೂಟದ ಮಾಜಿ ಭಾವಿ ಅಧ್ಯಕ್ಷರಾದ ಶ್ರೀ ರತ್ನಾಕರ ಅವರಿಗೆ, ಅದೇ ಕೂಟದ ಶನಿವಾರದ ಕನ್ನಡ ತರಗತಿಗೆ ಮೊನ್ನೆಯವರೆಗೆ ಶಿಕ್ಷಕಿಯಾಗಿದ್ದ ಸುಮತಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಏಕೆಂದರೆ ಕಳೆದ ಶನಿವಾರ ಸಂಜೆಯಿಂದ ತಾವು ಫೋನ್ ಎತ್ತುತ್ತಿಲ್ಲ. ತಮ್ಮ ಮನೆ ನಮ್ಮ ಕಾಂಡೋದ ಎದುರಿನ ಬ್ಲಾಕಿನಲ್ಲಿಯೇ ಇರುವುದರಿಂದ, ಬಾಲ್ಕನಿಯಲ್ಲಿ ದಿನಕ್ಕೊಂದು ಪಂಚೆ ಒಣಗುತ್ತಿರುವುದನ್ನು ನೋಡಿ ಕ್ಷೇಮಸಮಾಚಾರ ತಿಳಿದುಕೊಳ್ಳುತ್ತಿದ್ದೇನೆ. ಖಾಸಗಿಯಾಗಿ ಕಳಿಸಿದ ನಾಲ್ಕು ಸಂದೇಶಗಳಿಗೆ ನೀಲಿ ಟಿಕ್ ಬಂದಿದೆಯೇ ಹೊರತು ಉತ್ತರ ಬಂದಿಲ್ಲವಾದ್ದರಿಂದ, ಈ ಐದನೆಯದನ್ನು ಕೂಟದ ನೂರಾ ಹನ್ನೆರಡು ಸದಸ್ಯರೂ ಓದುವಂತೆ ಗುಂಪಿನಲ್ಲಿಯೇ ಹಾಕುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಬೇಕು.

ಮೊದಲಿಗೆ ತಮ್ಮ ತ್ಯಾಗಕ್ಕೆ ಕೃತಜ್ಞತೆಗಳು. ಒಂಬತ್ತು ವರ್ಷಗಳಿಂದ ನಂಜುಂಡಪ್ಪನವರೊಬ್ಬರೇ ಅಧ್ಯಕ್ಷರಾಗಿರುವ ನಮ್ಮ ಕೂಟದಲ್ಲಿ ಇದೇ ಮೊದಲ ಸಲ ಆ ಸ್ಥಾನಕ್ಕೆ ಚುನಾವಣೆ ನಡೆಯುವುದಿತ್ತು, ಅವರ ಎದುರು ನಿಲ್ಲುವ ಧೈರ್ಯ ಮಾಡಿದವರು ತಾವು. ತಿಂಗಳು ತಿಂಗಳೂ ಕಾಂಡೋದ ಮ್ಯಾನೇಜ್‌ಮೆಂಟ್ ಆಫೀಸಿನ ಮುಂದೆ ಕೈಕಟ್ಟಿ ನಿಂತು ಫಂಕ್ಷನ್ ರೂಮು ಗಿಟ್ಟಿಸಿಕೊಳ್ಳುವ ನಮ್ಮ ಹನ್ನೊಂದು ಮಕ್ಕಳ ತರಗತಿಗೆ, ತಾವು ಗೆದ್ದರೆ ಇಡೀ ವರ್ಷಕ್ಕೆ ಕೋಣೆ ಗಟ್ಟಿ ಮಾಡಿಕೊಡುವುದಾಗಿ ಮಾತು ಕೊಟ್ಟಿರಿ. ಆ ಒಂದು ಮಾತಿಗೆ ಮರುಳಾಗಿ ನಾನು ತಮ್ಮ ಪ್ರಚಾರಕ್ಕೆ ಇಳಿದೆ. ತಮ್ಮ ನಾಮಪತ್ರ ಏನಾದರೂ ತಿರಸ್ಕೃತವಾದರೆ ಕೈಯಲ್ಲೊಂದು ಇರಲಿ ಎಂದು, ನಮ್ಮೂರಿನ ದೊಡ್ಡ ಚುನಾವಣೆಗಳಲ್ಲಿ ಮಾಡುವಂತೆ, ಡಮ್ಮಿ ಅಭ್ಯರ್ಥಿಯಾಗಿ ನನ್ನಿಂದಲೂ ಒಂದು ನಾಮಪತ್ರ ಹಾಕಿಸಿದಿರಿ. "ಸುಮ್ನೆ ಫಾರ್ಮಾಲಿಟಿ ಮೇಡಂ. ವಾಪಸ್ ತಗೊಳ್ಳೋ ಲೆಟರ್‌ಗೂ ಈಗ್ಲೇ ಸೈನ್ ಮಾಡಿಕೊಡಿ, ಲಾಸ್ಟ್ ಡೇ ನಾನೇ ಕಳಿಸಿಬಿಡ್ತೀನಿ, ನೀವು ತಲೆ ಕೆಡಿಸ್ಕೋಬೇಡಿ" ಎಂದಿರಿ. ನಾನು ಒಂದು ಸಲವೂ ಬೇಡವೆನ್ನದೆ ಎರಡಕ್ಕೂ ಸಹಿ ಹಾಕಿದೆ. ತಲೆಯನ್ನೂ ಕೆಡಿಸಿಕೊಳ್ಳಲಿಲ್ಲ.

ನಾಮಪತ್ರ ಹಿಂಪಡೆಯಲು ಶನಿವಾರ ಸಂಜೆ ಐದು ಗಂಟೆ ಕೊನೆಯ ಗಡುವು. ನಾಲ್ಕು ನಲವತ್ತಕ್ಕೆ ತಾವು ಚುನಾವಣಾಧಿಕಾರಿಗೆ ಒಂದು ಇಮೇಲನ್ನೂ ನಮ್ಮ ವಾಟ್ಸಾಪ್ ಗುಂಪಿಗೆ ಅದರ ನಕಲನ್ನೂ ಕಳಿಸಿದಿರಿ. ಕೂಟದ ಒಗ್ಗಟ್ಟಿಗಾಗಿ, ಭಾರವಾದ ಹೃದಯದಿಂದ, ತಾವು ಅಧ್ಯಕ್ಷ ಸ್ಥಾನದ ಸ್ಪರ್ಧೆಯಿಂದ ಹಿಂದೆ ಸರಿಯುತ್ತಿರುವುದಾಗಿಯೂ ತಮಗೆ ಹುದ್ದೆ ಎಂದೂ ಮುಖ್ಯವಾಗಿರಲಿಲ್ಲವೆಂದೂ ಅದರಲ್ಲಿತ್ತು. ಹುದ್ದೆಗಾಗಿ ಆರು ವಾರ ಮನೆಮನೆ ತಿರುಗಿ ಚಕ್ಕುಲಿ ತಿಂದವರು ತಾವೇ ಎಂಬುದನ್ನು ಆ ಪತ್ರ ಓದುವಾಗ ನಾನು ಮರೆತೇಬಿಟ್ಟಿದ್ದೆ, ಅಷ್ಟು ಚೆನ್ನಾಗಿತ್ತು.

ಸಾರ್ವಜನಿಕರ ಪ್ರತಿಕ್ರಿಯೆಯನ್ನು ತಾವು ಒಂದೂ ಬಿಡದೆ ಓದಿರುತ್ತೀರಿ. ಐದು ನಿಮಿಷದೊಳಗೆ ಮೂವತ್ತೊಂದು ಜೋಡಿ ಕೈಗಳು ಮುಗಿದವು. "ರೆಸ್ಪೆಕ್ಟ್ ಸರ್" ಎಂದು ವಿನಯ ಅವರು ಬರೆದರು, ಅದನ್ನೇ ಹದಿನಾಲ್ಕು ಮಂದಿ ನಕಲು ಮಾಡಿ ಹಾಕಿದರು. ತಾವು ಸಂಸಾರದ ವಿಷಯವನ್ನೇ ಎತ್ತಿರದಿದ್ದರೂ ಡೀನ್ ಅವರು ಈ ದೇಶದವರ ಧಾಟಿಯಲ್ಲಿ "ಫ್ಯಾಮಿಲಿ ಫಸ್ಟ್ ಲಾ, ಟೇಕ್ ಕೇರ್" ಎಂದು ಸಮಾಧಾನ ಹೇಳಿದರು. ಓದುವ ತೊಂದರೆ ತೆಗೆದುಕೊಳ್ಳದ ಇಬ್ಬರು ತಮಗೆ ಅಭಿನಂದನೆ ಸಲ್ಲಿಸಿದರು, ಮೂರನೆಯವರು ಕೇಕಿನ ಚಿತ್ರ ಹಾಕಿ ನೂರು ವರ್ಷ ಬಾಳಿ ಎಂದರು. ಊಟದ ಬಗ್ಗೆ ಸದಾ ಮುಂದಾಲೋಚನೆಯಿರುವ ಕಿರಣ ಅವರು, "ಹಾಗಾದ್ರೆ ಪದಗ್ರಹಣದ ದಿನ ಮಕಾನ್ ಕ್ಯಾನ್ಸಲ್ಲಾ? ಊಟ ಹೊರಗಿಂದ ಟಪಾವ್ ಕಟ್ಟಿಸ್ಕೊಂಡು ಬರ್ಬೇಕಾ?" ಎಂದು ಕೇಳಿದ ಪ್ರಶ್ನೆಗೆ ಅತಿ ಹೆಚ್ಚು ಉತ್ತರಗಳು ಬಂದವು. ಇದರ ನಡುವೆ ನಿಹಾರಿಕಾ ಅವರು ಯಾರ ಮನೆಯಲ್ಲಾದರೂ ಉಪಯೋಗಿಸದ ಮಗುವಿನ ಕಾರ್ ಸೀಟ್ ಇದೆಯೇ ಎಂದು ವಿಚಾರಿಸಿದರು, ಇತ್ತು, ಅದು ಅವರಿಗೆ ಸಿಕ್ಕಿತು. ಅಂದು ಆ ಗುಂಪಿನಲ್ಲಿ ಕೇಳಿದ್ದು ಸಿಕ್ಕಿದ್ದು ಅವರೊಬ್ಬರಿಗೆ ಮಾತ್ರ.

ಯಾಕೆಂದರೆ, ಮಾನ್ಯರೇ, "ಬೇಡ ಸರ್, ನೀವು ಹಿಂದೆ ಸರೀಬಾರ್ದು" ಎಂದು ನೂರಾ ಹನ್ನೆರಡು ಮಂದಿಯಲ್ಲಿ ಒಬ್ಬರೂ ಬರೆಯಲಿಲ್ಲ.

ನಾಲ್ಕು ಐವತ್ತೆರಡಕ್ಕೆ ನಂಜುಂಡಪ್ಪನವರ ಸಂದೇಶ ಬಂತು. ತಮಗೆ ಬೀಳುತ್ತಿದ್ದ ಹೊಗಳಿಕೆಯನ್ನು ಹನ್ನೆರಡು ನಿಮಿಷ ಸಹಿಸಿಕೊಂಡ ಅವರು, ಎದುರಾಳಿಯೇ ಇಷ್ಟು ದೊಡ್ಡ ಮನಸ್ಸು ಮಾಡಿರುವಾಗ ಹಿರಿಯನಾದ ನಾನು ತ್ಯಾಗದಲ್ಲಿ ಹಿಂದೆ ಬೀಳಲಾರೆ ಎಂದು ತಮ್ಮ ಸ್ವಂತ ನಾಮಪತ್ರವನ್ನೂ ಹಿಂಪಡೆದರು. ಅವರಿಗೂ ಕೈಗಳು ಮುಗಿದವು. ತಮಗಿಂತ ಎರಡು ಜೋಡಿ ಹೆಚ್ಚೆಂದು ಅವರ ಕಡೆಯವರು ಹೇಳುತ್ತಿದ್ದಾರೆ. ನಾನು ಎಣಿಸಿದೆ, ಒಂದೇ ಜೋಡಿ.

ಆಗ ನಾನೆಲ್ಲಿದ್ದೆ ಎಂದು ತಾವು ಕೇಳಬಹುದು. ತರಗತಿಯಲ್ಲಿದ್ದೆ. ಶನಿವಾರ ಮೂರೂವರೆಯಿಂದ ಐದರವರೆಗೆ ಮಕ್ಕಳ ಫೋನುಗಳೂ ಟೀಚರ್ ಫೋನೂ ಒಂದು ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಮುಚ್ಚಿರುತ್ತವೆ ಎಂಬ ನಮ್ಮ ನಿಯಮ ತಮಗೆ ಗೊತ್ತೇ ಇದೆ. ತಾವು ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲಿ ಅಲ್ಲಿ ಇನ್ನೊಂದು ಘಟನೆ ನಡೆಯಿತು, ಅದು ಗುಂಪಿನಲ್ಲಿ ವರದಿಯಾಗಿಲ್ಲ. ಎಂಟು ವರ್ಷದ ಧೃತಿ ಎಂಬ ಹುಡುಗಿ, ಎರಡು ವರ್ಷದಿಂದ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ಎದ್ದು ನಿಂತು, "ಟೀಚರ್, ಇವ್ನು ನನ್ ರಬ್ಬರ್ ಕೊಡ್ತಾ ಇಲ್ಲ!" ಎಂದಳು. ಎರಡು ವರ್ಷ ಕಾದು ನನಗೆ ಸಿಕ್ಕ ಮೊದಲ ಕನ್ನಡ ವಾಕ್ಯ ಅದು, ಮತ್ತು ಅದೊಂದು ದೂರು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ರಬ್ಬರ್ ಕೊಡಿಸುವುದನ್ನೇ ಮರೆತು ಇನ್ನೊಂದು ಸಲ ಹೇಳು ಎಂದೆ. ಅವಳು ಇನ್ನೂ ಜೋರಾಗಿ ಹೇಳಿದಳು.

ಹೀಗೆ ಖುಷಿಯಿಂದ ಐದೂ ಐದಕ್ಕೆ ಡಬ್ಬಿ ತೆರೆದು ನೋಡಿದರೆ ನಾನು ಅಧ್ಯಕ್ಷೆಯಾಗಿದ್ದೆ.

ಚುನಾವಣಾಧಿಕಾರಿ ಗ್ರೆಗರಿ ಅವರನ್ನು ದೂರಲಾರೆ. ಮಂಗಳೂರಿನವರು, ದೂರದ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ಮಾಡುವವರು. ಯಾರ ಕಡೆಯವರೂ ಅಲ್ಲವೆಂದೂ, ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗಿ ಯಾರೂ ಅವರೊಡನೆ ಜಗಳವಾಡಲಾರರೆಂದೂ ನಾವೇ ಆರಿಸಿದವರು. ಐದು ಗಂಟೆಗೆ ಅವರ ಮುಂದೆ ಮೂರು ನಾಮಪತ್ರಗಳು, ಎರಡು ಹಿಂಪಡೆಯುವ ಪತ್ರಗಳು. ಮೂರರಲ್ಲಿ ಎರಡು ಹೋದರೆ ಒಂದು ಎಂದು ಅವರು ತಪಾಸಣೆ ಮಾಡಿ, ಐದೂ ಎರಡಕ್ಕೆ ಸುಮತಿ ಅವಿರೋಧವಾಗಿ ಆಯ್ಕೆಯಾಗಿದ್ದಾರೆಂದು ಪಿಡಿಎಫ್ ಕಳಿಸಿದರು. ನಾನು ಫೋನ್ ಮಾಡಿದಾಗ, "ನಿಮ್ಮ ವಿತ್‌ಡ್ರಾವಲ್ ಬಂದೇ ಇಲ್ಲ ಮೇಡಂ, ಬಂದಿದ್ದರೆ ನಾನು ಅಕ್ಸೆಪ್ಟ್ ಮಾಡ್ತಿದ್ದೆ" ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆ ಪತ್ರ ಈಗಲೂ ತಮ್ಮ ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜೇಬಿನಲ್ಲಿದೆ ಎಂದು ತಮ್ಮ ಶ್ರೀಮತಿಯವರಾದ ಜಯಮಾಲಾ ಅವರಿಂದ ತಿಳಿದುಬಂದಿದೆ.

ತಾವು ಹಿಂದೆ ಸರಿದ ಕಾರಣದ ಬಗ್ಗೆ ಗೇಟಿನ ಎದುರಿನ ಮಾಮಕ್ ಚಹಾ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆಯಿಂದ ವಿಚಾರ ಸಂಕಿರಣ ನಡೆಯುತ್ತಿದೆ. ತಮ್ಮ ಕೆಲಸದ ವೀಸಾ ಪಾಸ್ ನವೀಕರಣವಾಗಿಲ್ಲ ಎಂಬುದು ಮೊದಲ ಟೇಬಲ್ಲಿನ ಅಭಿಪ್ರಾಯ. ಪುತ್ರಜಯಾದ ಯಾವುದೋ ಇಲಾಖೆಗೆ ಸಲಹೆಗಾರರಾಗಿ ಹೋಗುತ್ತಿದ್ದೀರಿ ಎಂಬುದು ಎರಡನೆಯದರದು. ನಂಜುಂಡಪ್ಪನವರ ಬಳಿ ತಮ್ಮದೊಂದು ಹಳೆಯ ಫೋಟೋ ಇದೆ ಎಂದವರು ಅದು ಯಾವ ಫೋಟೋ ಎಂದು ಹೇಳಲು ಇನ್ನೊಂದು ಲೋಟ ತೆ ತಾರಿಕ್ ಕುಡಿದರೂ ಹೇಳಲಿಲ್ಲ. ನನಗೆ ನಿಜ ಸಂಗತಿ ಪಾರ್ಕಿಂಗಿನ ಲಿಫ್ಟಿನಲ್ಲಿ ಸಿಕ್ಕಿತು. ಜಯಮಾಲಾ ಅವರೆಂದರು: "ಯಾರಾದ್ರೂ ನಾಲ್ಕು ಜನ ಬಂದು ಕನ್ವಿನ್ಸ್ ಮಾಡ್ತಾರೆ ಅಂತ ಇಸ್ತ್ರಿ ಶರ್ಟ್ ಹಾಕ್ಕೊಂಡು ಸೋಫಾ ಮೇಲೆ ಕೂತಿದ್ರು ಕಣ್ರೀ. ಡಿಕಾಕ್ಷನ್ ಬೇರೆ ಹಾಕ್ಸಿದ್ರು, ಹತ್ತು ಜನಕ್ಕೆ. ಆರು ಗಂಟೆವರ್ಗೂ ಕಾಲಿಂಗ್ ಬೆಲ್ ಸರಿಯಿದ್ಯಾ ಅಂತ ಎರಡು ಸಲ ನೋಡಿದ್ರು." ಇದನ್ನು ಯಾರಿಗೂ ಹೇಳಬೇಡಿ ಎಂದೂ ಅವರು ಕೇಳಿಕೊಂಡರು. ಆದರೆ ಒಂದೇ ಸಲ ಕೇಳಿಕೊಂಡರು.

ಇಲ್ಲಿಯೇ ನಮ್ಮೆಲ್ಲರ ಲೆಕ್ಕ ತಪ್ಪಿದ್ದು. ತಾವು ನಮ್ಮ ಮನೆಗೆ ಬಂದಾಗಲೆಲ್ಲ ಕಾಫಿ ಬೇಕೇ ಎಂದರೆ "ಅಯ್ಯೋ ಬೇಡ, ಈಗ್ತಾನೆ ಆಯ್ತು" ಎನ್ನುತ್ತೀರಿ. ಸ್ವಲ್ಪ ಎಂದರೆ "ಖಂಡಿತಾ ಬೇಡ" ಎನ್ನುತ್ತೀರಿ. ಮೂರನೆಯ ಸಲ ಕೇಳುವ ಹೊತ್ತಿಗೆ ಸರಿಯಾಗಿ ಕೂತು, ಕುಡಿದು, ಇನ್ನರ್ಧ ಲೋಟ ಹಾಕಿಸಿಕೊಳ್ಳುತ್ತೀರಿ. ನಾವು ಬೆಳೆದದ್ದು ಹಾಗೆಯೇ, ಅದರಲ್ಲಿ ತಪ್ಪೇನೂ ಇಲ್ಲ. ಗ್ರೆಗರಿ ಅವರ ಮನೆಯಲ್ಲೂ ಇದೇ ಪದ್ಧತಿಯಂತೆ, ಆದರೆ ಅವರ ಫಾರ್ಮಿನಲ್ಲಿ ಇದು ಎಷ್ಟನೆಯ "ಬೇಡ" ಎಂದು ತುಂಬುವ ಜಾಗವಿರಲಿಲ್ಲ. ಗುಂಪಿನಲ್ಲಿದ್ದವರಿಗೂ ತಾವು ಕಾದಿದ್ದೀರೆಂಬ ಅನುಮಾನ ಇದ್ದೇ ಇತ್ತು. ಬೇರೆ ಯಾರಾದರೂ ಹೋಗಿ ಒತ್ತಾಯ ಮಾಡುತ್ತಾರೆಂದು ಎಲ್ಲರೂ ಅಂದುಕೊಂಡು, ಅಷ್ಟರವರೆಗೆ ಇರಲಿ ಎಂದು ಕೈ ಮುಗಿದರು. ಮುಗಿದ ಕೈಗೆ ಮತ್ತೇನು ಕೆಲಸವಿದೆ?

ಈಗ ನನ್ನ ಕುಂದುಕೊರತೆಗೆ ಬರುತ್ತೇನೆ. ಕೂಟದ ಅಧ್ಯಕ್ಷರು ಇನ್ನಾವ ಹೊಣೆಯನ್ನೂ ಹೊರಕೂಡದು, ತರಗತಿಯ ಶಿಕ್ಷಕರಾಗಿಯೂ ಇರಕೂಡದು ಎಂದು ನಮ್ಮ ಬೈಲಾದ ಹದಿನಾಲ್ಕನೆಯ ಕಲಂ ಹೇಳುತ್ತದೆ. ನಂಜುಂಡಪ್ಪನವರು ಅಧ್ಯಕ್ಷತೆಯ ಜೊತೆಗೆ ಊಟದ ಸಮಿತಿಯನ್ನೂ ಇಟ್ಟುಕೊಂಡಿದ್ದಾರೆಂದು ಸಿಟ್ಟಾಗಿ, ಹೋದ ವರ್ಷ ಅದನ್ನು ಸೇರಿಸಿದವರು ತಾವೇ. ನಾನು ಚಪ್ಪಾಳೆ ತಟ್ಟಿದ್ದೆ. ಹಾಗಾದರೆ ಅಧ್ಯಕ್ಷತೆಯನ್ನು ಬಿಟ್ಟುಬಿಡೋಣವೆಂದರೆ, ಬರುವ ತಿಂಗಳ ಕೋಣೆಗೆ ಶುಕ್ರವಾರದೊಳಗೆ ಹೊಸ ಅಧ್ಯಕ್ಷರ ಸಹಿಯಿರುವ ಪತ್ರ ಬೇಕೆಂದು ಮ್ಯಾನೇಜ್‌ಮೆಂಟ್ ಆಫೀಸಿನವರು ಹೇಳಿದ್ದಾರೆ, ಕೂಟಕ್ಕೆ ಮತ್ತೆ ಚುನಾವಣೆ ಮಾಡಲು ಎರಡು ತಿಂಗಳು ಹಿಡಿಯುತ್ತದೆ. ಹುದ್ದೆ ಬಿಟ್ಟರೆ ಮಕ್ಕಳಿಗೆ ಕೋಣೆಯಿಲ್ಲ, ಹಿಡಿದರೆ ಟೀಚರ್ ಇಲ್ಲ. ಪತ್ರದಲ್ಲಿ ಒಂದು ತಿಂಗಳಿನ ಬದಲು ಒಂದು ವರ್ಷವೆಂದು ಬರೆದು ನಾನು ನಿನ್ನೆ ಸಹಿ ಹಾಕಿದೆ. ಕೋಣೆ ಸಿಕ್ಕಿದೆ, ಇಡೀ ವರ್ಷಕ್ಕೆ, ತಾವು ಮಾತು ಕೊಟ್ಟಂತೆಯೇ. ಮನೆಗೆ ಬಂದು ಅತ್ತುಬಿಟ್ಟೆ ಎಂಬುದನ್ನೂ ತಮ್ಮ ಮಾಹಿತಿಗಾಗಿ ತಿಳಿಸುತ್ತಿದ್ದೇನೆ.

ಆದ್ದರಿಂದ ತಮ್ಮಂಥ ಸಮರ್ಥರಲ್ಲಿ ಕೆಲವು ಸಣ್ಣ ಕೋರಿಕೆಗಳು. ಸಾಧ್ಯವಾದರೆ ಕಳೆದ ಶನಿವಾರದ ಸಂಜೆಯನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಕೊಡಬೇಕು. ಡೇಟಾ ಸೆಂಟರ್ ನೋಡಿಕೊಳ್ಳುವ ತಮ್ಮ ಬಳಿ ಅದರದೊಂದು ಬ್ಯಾಕಪ್ ಇದ್ದೇ ಇರಬಹುದು. ಅದಾಗದಿದ್ದರೆ, ಮುಂದಿನ ಸಲ ತ್ಯಾಗ ಮಾಡುವ ಮುನ್ನ ಒಂದು ವಾರ ಮೊದಲೇ ಸೂಚನೆ ಕೊಟ್ಟು, ಬಂದು ಒತ್ತಾಯಿಸಬೇಕಾದವರ ಪಟ್ಟಿ, ಅವರು ಆಡಬೇಕಾದ ಮಾತು, ತಾವು ಎಷ್ಟನೆಯ ಮಾತಿಗೆ ಕರಗುತ್ತೀರಿ ಎಂಬ ವಿವರವನ್ನು ಗುಂಪಿನಲ್ಲಿ ಹಾಕಬೇಕು. ನಂಜುಂಡಪ್ಪನವರಿಗೂ ಇದೇ ಏರ್ಪಾಡು ಮಾಡಬಹುದು, ಅವರೂ ಅಂದು ಶರ್ಟ್ ಬದಲಿಸಿ ಕೂತಿದ್ದರಂತೆ. ನೀವಿಬ್ಬರೂ ಒಬ್ಬರ ಮನೆಗೊಬ್ಬರು ಹೋಗಿ ಒತ್ತಾಯ ಮಾಡಿಕೊಂಡಿದ್ದರೂ ಇಷ್ಟೊಂದು ಡಿಕಾಕ್ಷನ್ ದಂಡವಾಗುತ್ತಿರಲಿಲ್ಲ.

ನನಗೆ ಸಿಟ್ಟಿದೆ, ರತ್ನಾಕರ ಅವರೇ. ತಾವು ಸ್ಪರ್ಧೆ ಬಿಟ್ಟಿದ್ದಕ್ಕಲ್ಲ, ಬಿಡುವ ಮನಸ್ಸಿಲ್ಲದೆ ಬಿಟ್ಟಿದ್ದಕ್ಕೆ. ಫೋನ್ ಡಬ್ಬಿಯಲ್ಲಿ ಇರದಿದ್ದರೆ ನಾನೇ ಓಡಿಬಂದು ಮೂರು ಸಲ ಕೇಳುತ್ತಿದ್ದೆ. ಆದರೆ ಹಾಗೆ ಓಡಿಬಂದಿದ್ದರೆ ಧೃತಿಯ ಆ ಒಂದು ವಾಕ್ಯ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಎಷ್ಟು ಯೋಚಿಸಿದರೂ ಇವೆರಡರಲ್ಲಿ ನನಗೆ ಯಾವುದು ಬೇಕಿತ್ತು ಎಂಬುದು ಸ್ಪಷ್ಟವಾಗಿಯೇ ಇದೆ.

ಕೇಳಿದ ಮೊದಲ ಸಲಕ್ಕೇ ಒಪ್ಪಿಬಿಡುವ ದುರಭ್ಯಾಸದ,
ತಮ್ಮ ವಿಶ್ವಾಸಿ,
ಸುಮತಿ
ಅಧ್ಯಕ್ಷೆ (ಡಮ್ಮಿ)

ತಾ.ಕ.: ಅಧ್ಯಕ್ಷೆಯಾಗಿ ನನ್ನ ಮೊದಲ ಆದೇಶದಂತೆ ತಮ್ಮನ್ನು ಶನಿವಾರದ ಕನ್ನಡ ತರಗತಿಗೆ ಶಿಕ್ಷಕರನ್ನಾಗಿ ನೇಮಿಸಲಾಗಿದೆ. ತಮಗೆ ಹುದ್ದೆ ಮುಖ್ಯವಲ್ಲವಾದ್ದರಿಂದ ಇದು ತಕ್ಕದ್ದಾಗಿದೆ. ಸ್ಟೀಲ್ ಡಬ್ಬಿಯನ್ನು ಜಯಮಾಲಾ ಅವರ ಕೈಯಲ್ಲಿ ಕೊಟ್ಟಿದ್ದೇನೆ. ಧೃತಿಗೆ ರಬ್ಬರ್ ಇನ್ನೂ ವಾಪಸ್ ಬಂದಿಲ್ಲ, ಅವಳ ದೂರಿನಿಂದಲೇ ಪಾಠ ಶುರು ಮಾಡಬಹುದು. ಆಗುವುದಿಲ್ಲವೆಂದಾದರೆ ಒಂದು ಸಲ ಹೇಳಿದರೆ ಸಾಕು, ನಾನು ಎರಡನೆಯ ಸಲ ಕೇಳುವುದಿಲ್ಲ. ಮಕ್ಕಳೂ ಕೇಳುವುದಿಲ್ಲ. ಅವರು ಇಲ್ಲಿಯೇ ಬೆಳೆದವರು. ಟೀಚರ್ ಬರುವುದಿಲ್ಲವೆಂದರೆ ಓಕೆ ಎಂದು ಹೇಳಿ ಕೆಳಗಿನ ಈಜುಕೊಳಕ್ಕೆ ಹೋಗುತ್ತಾರೆ, ಅಲ್ಲಿ ರಬ್ಬರೂ ಬೇಡ, ಕನ್ನಡವೂ ಬೇಡ.