ಯಾಕಣ್ಣನ ಎರಡು ಬಾಗಿಲ ಕಂಪ್ಯೂಟರ್

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕಕ್ಕೆ ಅದರಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸನ್ನೂ ಇಟ್ಟುಕೊಳ್ಳಬಹುದು, ಸ್ವಿಚ್ ಒತ್ತಿದೊಡನೆ ‘ಯಾವುದು ಬೇಕು?’ ಎಂದು ಅದೇ ಕೇಳುತ್ತದೆ ಎಂದು ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬ ಹೇಳಿ ಹೋದದ್ದೇ ಎಲ್ಲಕ್ಕೂ ಮೂಲ. ಹೇಳಿದವನು ಮರೆತ. ಗಾಜು ಉಜ್ಜುತ್ತಾ ಕೇಳಿಸಿಕೊಂಡ ಯಾಕಣ್ಣನಿಗೆ ನಿದ್ದೆ ಹಾರಿಹೋಯಿತು.

ಯಾಕಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಏನು ಕಂಡರೂ ‘ಯಾಕೆ?’ ಎನ್ನದೆ ಬಿಡದವನಿಗೆ ಓಣಿಯವರು ಕೊಟ್ಟ ಬಿರುದು. ಬಾಗಿಲು ಹಾಕಿದ ಮೇಲೆ ಫ್ರಿಜ್ಜಿನ ದೀಪ ಆರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಒಳಗಿಟ್ಟು, ಅದನ್ನು ಅಲ್ಲೇ ಮರೆತು ಮಲಗಿದ್ದವನು ಅವನು.

ರಜೆಯ ದಿನ ಬೆಳಿಗ್ಗೆ ಹೆಂಡತಿ ದಾರ ತರಲು ಹೊರಟಳು. ಕಂಪ್ಯೂಟರಿಗೆ ಜೋಡಿಸಿದ ಕಸೂತಿ ಯಂತ್ರವೇ ಅವಳ ಕಸುಬು.

“ರೀ, ಸ್ಕೂಲ್ ಬ್ಯಾಂಡಿನವರ ಬ್ಯಾಡ್ಜು ಇವತ್ತೇ ಹೊಲಿದು ಮುಗಿಸ್ಬೇಕು. ನಾಳೆ ಬೆಳಿಗ್ಗೆ ಮಕ್ಕಳು ಅದನ್ನ ಹಾಕ್ಕೊಂಡೇ ಮೆರವಣಿಗೆ ಹೋಗೋದು. ಕಂಪ್ಯೂಟರ್ ಮುಟ್ಬೇಡಿ.”

“ಮುಟ್ಟಲ್ಲ ಕಣೇ, ಸುಮ್ನೆ ನೋಡ್ತೀನಿ.”

“ನೀವು ಸುಮ್ನೆ ನೋಡಿದ್ದೆಲ್ಲ ಆಮೇಲೆ ರಿಪೇರಿಗೇ ಹೋಗಿರೋದು.”

ಆದರೂ ಯಾಕಣ್ಣ ಅಜಾಗರೂಕನಲ್ಲ. ಮೊದಲು ಅವಳ ವಿನ್ಯಾಸಗಳಿಗೆಲ್ಲ ಒಂದು ಪ್ರತಿ ತೆಗೆದಿಡಬೇಕು, ಆಮೇಲೆ ಮಿಕ್ಕದ್ದು ಎಂದುಕೊಂಡ. ಅದಕ್ಕೊಂದು ಹೊರಗಿನ ಡಿಸ್ಕ್ ಬೇಕಿತ್ತು. ಅದಿದ್ದದ್ದು ಕೆಳಮನೆಯ ಮೇಷ್ಟ್ರ ಬಳಿ ಮಾತ್ರ.

ಮೇಷ್ಟ್ರು ನಿವೃತ್ತರಾದ ಮೇಲೆ ಇರುವೆಗಳ ವಿಡಿಯೋ ತೆಗೆಯುತ್ತಿದ್ದರು. ತೆಗೆದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಕೈಗೆ ಸಿಕ್ಕವರನ್ನು ಕೂರಿಸಿಕೊಂಡು ತೋರಿಸುತ್ತಿದ್ದರು. ಅವರ ಬಾಗಿಲು ದಾಟುವಾಗ ಮೇಲಿನ ಮನೆಗಳವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಹಾಲು ಕುಡಿದ ಬೆಕ್ಕಿನ ಹಾಗೆ ಮೆಟ್ಟಿಲಿಳಿಯುತ್ತಿದ್ದರು. ಆ ಬಾಗಿಲನ್ನು ಯಾಕಣ್ಣ ಅಂದು ತಾನಾಗಿಯೇ ತಟ್ಟಿದ.

“ತಗೋ. ಇದ್ರಲ್ಲಿ ಎರಡು ಭಾಗ ಇದೆ. ಒಂದರ ತುಂಬ ಇರುವೆ. ಇನ್ನೊಂದು ಖಾಲಿ, ಮುಂದೆ ಸಿಗೋ ಇರುವೆಗಳಿಗೆ ಅಂತ ಇಟ್ಟಿದೀನಿ,” ಎಂದರು ಮೇಷ್ಟ್ರು. “ಸಂಜೆ ಬಸ್ಸಿಗೆ ತಂಗಿ ಮನೆಗೆ ಹೊರಟಿದೀನಿ. ನೆಂಟರೆಲ್ಲ ಸೇರ್ತಾರೆ, ತೋರಿಸ್ಬೇಕು. ಅಷ್ಟರೊಳಗೆ ಬಂದು ಇಸ್ಕೋತೀನಿ.”

ಯಾಕಣ್ಣ ವಿನ್ಯಾಸಗಳನ್ನು ಇರುವೆಗಳ ಭಾಗದಲ್ಲೇ ಒಂದು ಮೂಲೆಗೆ ತುರುಕಿ ಜೋಪಾನ ಮಾಡಿದ. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ವಿಂಡೋಸನ್ನು ಸ್ವಲ್ಪ ಸರಿಸಿ, ಬಸ್ಸಿನ ಸೀಟಿನಲ್ಲಿ ಜಾಗ ಮಾಡಿಸಿದಂತೆ ಲಿನಕ್ಸಿಗೆ ಅರ್ಧ ಜಾಗ ಬಿಡಿಸಿದ. ಬಳಿಕ ಲಿನಕ್ಸ್ ಹಾಕಲು ಕೂತರೆ ಪರದೆಯ ಮೇಲೆ ಒಂದು ಉದ್ದ ಪಟ್ಟಿ ಮೂಡಿತು. ಅರ್ಧ ತುಂಬಿದೆ, ಅರ್ಧ ಖಾಲಿ. ತಾನು ಮಾಡಿದ ಹಾಗೇ ಇದೆ! ಖಾಲಿ ಅರ್ಧವನ್ನು ತೋರಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಬಾಯಿಬಿಟ್ಟು ಕೇಳಿತು: ಲಿನಕ್ಸೋ, ವಿಂಡೋಸೋ? ಅದನ್ನೊಮ್ಮೆ ತೆರೆದ, ಇದನ್ನೊಮ್ಮೆ ತೆರೆದ. ಎರಡೂ ಸರಾಗ. ಎರಡು ಬಾಗಿಲ ಮನೆ ಕಟ್ಟಿಸಿದವನಂತೆ ಬೀಗಿದ. ಮೇಷ್ಟ್ರು ಚೀಲ ಹೆಗಲಿಗೇರಿಸಿಕೊಂಡು ಬಂದಾಗ, ಕಂಪ್ಯೂಟರ್ ಆರಿಸಿ, ಡಿಸ್ಕ್ ಬಿಚ್ಚಿ, ಎರಡೂ ಕೈಯಲ್ಲಿ ಒಪ್ಪಿಸಿದ.

ಅವರು ಹೋದ ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಸ್ವಿಚ್ ಒತ್ತಿದಳು. ಪರದೆ ಕಾಡಿಗೆಯಂತೆ ಕಪ್ಪು. ಮೂಲೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂಬ ಎರಡೇ ಪದ.

“ರೆಸ್ಕ್ಯೂ ಅಂತಿದೆ. ಯಾರನ್ನ ಯಾರು ಕಾಪಾಡ್ಬೇಕಂತೆ?”

ಯಾಕಣ್ಣ ಸ್ವಿಚ್ಚನ್ನು ಆರಿಸಿ ಮತ್ತೆ ಒತ್ತಿ ನೋಡಿದ. “ಮಧ್ಯಾಹ್ನ ಚೆನ್ನಾಗಿತ್ತು ಕಣೇ…”

“ಅಂದ್ರೆ ಮುಟ್ಟಿದೀರಿ!”

ಅವಳ ತಮ್ಮ ಫೋನಿನಲ್ಲಿ, “ಭಾವ, ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡಿ,” ಎಂದ. ಹೆಂಡತಿ ಫೋನ್ ಕಸಿದುಕೊಂಡು ಅವನ ಮಾತನ್ನೇ ಅಳಿಸಿದಳು. ಗಲಾಟೆ ಕೇಳಿ ಬಂದ ಎದುರುಮನೆಯ ಎಲೆಕ್ಟ್ರಿಷಿಯನ್ನು, “ಪ್ಲಗ್ ಲೂಸಾಗಿರತ್ತೆ,” ಎಂದು ಟೇಬಲ್ಲಿನಡಿ ನುಸುಳಿ ಮನೆಯ ಫ್ಯೂಸ್ ಹಾರಿಸಿದ. ದೀಪ ಮತ್ತೆ ಬಂದಾಗಲೂ ಆ ಎರಡು ಪದ ಅಲ್ಲೇ ಕೂತಿದ್ದವು.

ಯಾಕಣ್ಣ ತಲೆಯ ಮೇಲೆ ಕೈಹೊತ್ತು, ಓದಿದ ವಿಜ್ಞಾನವನ್ನೆಲ್ಲ ಒಟ್ಟುಗೂಡಿಸಿದ. ಮಧ್ಯಾಹ್ನಕ್ಕೂ ಈಗಕ್ಕೂ ಬದಲಾದದ್ದೇನು? ಅದೇ ಟೇಬಲ್, ಅದೇ ತಂತಿ, ಅದೇ ಪೆದ್ದ. ಇಲ್ಲದಿರುವುದು ಒಂದೇ, ಮೇಷ್ಟ್ರ ಡಿಸ್ಕು. ಲಿನಕ್ಸ್ ಹಾಕುವಾಗ ಕಂಡ ಆ ಪಟ್ಟಿ ಅದರದ್ದೇ! ಅರ್ಧ ತುಂಬಿದ್ದದ್ದು ವಿಂಡೋಸಲ್ಲ, ಇರುವೆ! ‘ಯಾವುದು ಬೇಕು’ ಎಂದು ಕೇಳುವ ನಾಲಿಗೆ, ಅಂದರೆ ಆ ಗ್ರಬ್ಬು, ಲಿನಕ್ಸಿನ ಜೊತೆಗೆ ಮೇಷ್ಟ್ರ ಡಿಸ್ಕಿನಲ್ಲಿ ಕೂತಿದೆ. ಅದಿಲ್ಲದೆ ಕಂಪ್ಯೂಟರಿಗೆ ವಿಂಡೋಸಿನ ಬಾಗಿಲೂ ಕಾಣುತ್ತಿಲ್ಲ.

ಬರಿಗಾಲಲ್ಲೇ ಬಸ್ ನಿಲ್ದಾಣಕ್ಕೆ ಓಡಿದ. ಹೊರಡುವುದರಲ್ಲಿದ್ದ ಬಸ್ಸಿನ ಕಿಟಕಿಯಲ್ಲಿ ಮೇಷ್ಟ್ರ ಬೋಳುತಲೆ ಹೊಳೆಯುತ್ತಿತ್ತು.

“ಮೇಷ್ಟ್ರೇ, ಡಿಸ್ಕು! ನನ್ನ ಲಿನಕ್ಸು ನಿಮ್ಮ ಚೀಲದಲ್ಲಿದೆ!”

“ನನ್ನ ಚೀಲದಲ್ಲಿ ಟವೆಲ್ ಬಿಟ್ರೆ ಇರೋದು ಇರುವೆ ಮಾತ್ರ ಕಣಯ್ಯಾ.”

ಯಾಕಣ್ಣ ಏದುಸಿರಿನಲ್ಲೇ ಬಿಡಿಸಿ ಹೇಳಿದ. ಮೇಷ್ಟ್ರು ಚೀಲವನ್ನು ಎದೆಗವಚಿಕೊಂಡರು. “ಅಂದ್ರೆ ನನ್ನ ಖಾಲಿ ಜಾಗ ಹೋಯ್ತು! ಇನ್ಮೇಲೆ ಇದನ್ನ ಒಬ್ಬರ ಕೈಗೂ ಕೊಡಲ್ಲ. ಡಿಸ್ಕ್ ಎಲ್ಲೋ ನಾನಲ್ಲಿ,” ಎಂದವರು ಬಸ್ಸಿನಿಂದ ಇಳಿದೇಬಿಟ್ಟರು.

ಡಿಸ್ಕ್ ಚುಚ್ಚಿದ್ದೇ ತಡ ಕಂಪ್ಯೂಟರಿಗೆ ಜೀವ ಬಂತು. ಕಸೂತಿ ಯಂತ್ರ ಗುಡುಗುಡು ಎಂದಿತು. ಬ್ಯಾಡ್ಜುಗಳು ಒಂದೊಂದಾಗಿ ಹೊರಬಿದ್ದವು.

“ಇದೆಲ್ಲ ಮುಗೀಲಿ, ಲಿನಕ್ಸ್ ಕಿತ್ತು ಮೊದಲಿನ ಹಾಗೆ ಮಾಡಿಬಿಡ್ತೀನಿ,” ಎಂದು ಯಾಕಣ್ಣ ಕೈ ಚಾಚಿದ.

ಹೆಂಡತಿ ಕತ್ತರಿ ಎತ್ತಿದಳು. “ಇನ್ನೊಂದ್ಸಲ ಮುಟ್ಟಿದ್ರೆ ನಿಮ್ಮನ್ನೇ ಎರಡು ಭಾಗ ಮಾಡ್ತೀನಿ. ನಡೀತಿದೆಯಲ್ಲ, ಹೀಗೇ ನಡೀಲಿ. ಮೇಷ್ಟ್ರೇ, ನಾಳೆಯಿಂದ ಸ್ವಲ್ಪ ಬಂದುಹೋಗ್ತೀರಾ?”

“ಧಾರಾಳವಾಗಿ ಬರ್ತೀನಮ್ಮ,” ಮೇಷ್ಟ್ರ ಮುಖ ಅರಳಿತು. “ನೆಂಟರು ಸಿಗೋದು ವರ್ಷಕ್ಕೊಂದ್ಸಲ. ನೀವು ದಿನಾ ಸಿಗ್ತೀರಿ. ಆದ್ರೆ ನನ್ನನ್ನ ಕರೆಯೋಕೆ ಇವನೇ ಬರ್ಬೇಕು.”

ಮರುದಿನ ಮೇಲಿನ ಮನೆಗಳವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುವ ಮೆಟ್ಟಿಲನ್ನು ಯಾಕಣ್ಣ ಒಬ್ಬ ಮಾತ್ರ ಟಪಟಪ ಸದ್ದು ಮಾಡುತ್ತಾ ಇಳಿದ.

“ಮೇಷ್ಟ್ರೇ, ಕಂಪ್ಯೂಟರ್ ಹಚ್ಬೇಕಂತೆ.”

“ಬಂದೆ. ಕೂತ್ಕೋ, ಇದೊಂದು ಚೂರು ನೋಡಿ ಹೋಗೋಣ.”

ಪರದೆಯ ಮೇಲೆ ಒಂದು ಇರುವೆ ಸಕ್ಕರೆಯ ಹರಳು ಹೊತ್ತು ಗೋಡೆ ಏರುತ್ತಿತ್ತು. ಏರಿತು, ಏರಿತು. ಗೂಡಿನ ಬಾಯಿಗೆ ಇನ್ನೇನು ತಲುಪಬೇಕು, ಅಷ್ಟರಲ್ಲಿ ಹರಳನ್ನು ಅಲ್ಲೇ ಬಿಟ್ಟು ಸರ್ರನೆ ಹಿಂದಕ್ಕೆ ಇಳಿಯಿತು.

“ರೀ, ಡಿಸ್ಕ್ ಬಂತಾ?” ಮೇಲಿನಿಂದ ಹೆಂಡತಿ ಕೂಗಿದಳು.

ಏಳಬೇಕೆಂದು ಯಾಕಣ್ಣ ಕುರ್ಚಿಯ ತೋಳು ಹಿಡಿದ. ಹಾಳು ನಾಲಿಗೆ ಮಾತ್ರ ಅವನನ್ನು ಕೇಳಲಿಲ್ಲ.

“ಮೇಷ್ಟ್ರೇ… ಯಾಕೆ?”

ಮೇಷ್ಟ್ರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.