ಹೊಟ್ಟೆ ತುಂಬಿದ ಕೌದಿ

ಶನಿವಾರ ಸಂಜೆ ಹಂಪಣ್ಣನ ಉಡದಾರ ಹರಿಯಿತು. ಉಡದಾರ ಹರಿಯುವುದು ದೊಡ್ಡ ಸುದ್ದಿಯೇನಲ್ಲ. ಸೊಂಟ ಇದ್ದವರಿಗೆಲ್ಲ ಒಂದಲ್ಲ ಒಂದು ದಿನ ಹರಿಯುವಂಥದೇ. ಆದರೆ ಹಂಪಣ್ಣನ ಉಡದಾರಕ್ಕೆ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಸ್ಟೋರ್ ರೂಮಿನ ಬೀಗದಕೈ ಕಟ್ಟಿತ್ತು. ತುಂಬಿದ ಬಸ್ಸಿನಲ್ಲಿ ಅದು ತೊಡೆಯ ಗುಂಟ ಕೆಳಗಿಳಿಯತೊಡಗಿದಾಗ ಅವನು ಹೇಗೋ ಹಿಡಿದು ಖಾಕಿ ಪ್ಯಾಂಟಿನ ಹಿಂಜೇಬಿಗೆ ತುರುಕಿದ. ರಾಮಮೂರ್ತಿ ನಗರದ ಮನೆಗೆ ಬಂದು, ಪ್ಯಾಂಟನ್ನು ಗೂಟಕ್ಕೆ ಹಾಕಿ, ಉಂಡು, ಹೆಂಡತಿ ಯಂಕಮ್ಮನ ಜೊತೆ ಒಂದು ಮಾತೂ ಆಡದೆ ಮಲಗಿಬಿಟ್ಟ.

ಭಾನುವಾರ ಅವನು ಏಳುವಷ್ಟರಲ್ಲಿ ಯಂಕಮ್ಮ ಮನೆಯಲ್ಲಿರಲಿಲ್ಲ. ಅವಳು ಬೆನ್ಸನ್ ಟೌನಿನ ಒಂದು ಬಂಗಲೆಯಲ್ಲಿ ಅಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವತ್ತು ಅಲ್ಲಿ ಏನೋ ಔತಣ, ಬರುವುದು ಸಂಜೆ ಎಂದು ಮೊದಲೇ ಹೇಳಿದ್ದಳು. ಹಂಪಣ್ಣ ಹಲ್ಲುಜ್ಜುತ್ತಿದ್ದಾಗ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಬಂದವರು ಅವನ ಸೂಪರ್‌ವೈಸರ್ ಮುನಿರಾಜಪ್ಪ.

"ಸಾಯಂಕಾಲ ಲಾರಿ ಬರುತ್ತೆ ಹಂಪಣ್ಣ, ಸ್ಟೋರ್ ತೆಗೀಬೇಕು. ಕೀ ಹಿಡ್ಕೊಂಡು ರೆಡಿ ಇರು, ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

"ಆಗ್ಲಿ ಸರ್."

"ಇನ್ನೊಂದ್ ಮಾತು. ಒಂದು ಕೀ ಇಟ್ಕೊಳ್ಳೋಕೆ ಒಬ್ಬ ಮನುಷ್ಯ ಯಾಕ್ರೀ ಅಂತ ಮ್ಯಾನೇಜರ್ ದಿನಾ ನನ್ ತಲೆ ತಿಂತಾವ್ರೆ. ಸೆಕ್ಯೂರಿಟಿಯವ್ರು ತಿಂಗಳಿಗೊಬ್ರು ಬದಲಾಗ್ತಾರೆ ಸಾರ್, ಹಂಪಣ್ಣನ ಸೊಂಟ ಬದಲಾಗಲ್ಲ ಅಂತ ಹೇಳಿ ತಡ್ದಿದೀನಿ. ನಿನ್ನ ಪರ್ಮನೆಂಟ್ ಮಾಡೋ ಮಾತು ಈ ವಾರಾನೇ ಇದೆ. ಕೀ ಭದ್ರ."

ಸ್ಕೂಟರ್ ಹೋಯಿತು. ಹಂಪಣ್ಣನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆಗ ನೆನಪಾಗಿ ಗೂಟದ ಕಡೆ ನೋಡಿದ. ಅಲ್ಲಿ ಪ್ಯಾಂಟೂ ಇರಲಿಲ್ಲ.

ರಾಯಚೂರು ಸೀಮೆಯಿಂದ ಬಂದಾಗಿನಿಂದ ಅವನು ಟೆಂಪರರಿ. ಪ್ರತಿ ತಿಂಗಳ ಕೊನೆಗೆ ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂದು ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತಿತ್ತು. ಪರ್ಮನೆಂಟ್ ಆದರೆ ಆ ಕಲ್ಲು ಇಳಿಯುತ್ತದೆ. ಇಷ್ಟಕ್ಕೆಲ್ಲ ಆಧಾರ ಬೆರಳುದ್ದದ ಒಂದು ಬೀಗದಕೈ. ಅದಕ್ಕೆ ಎರಡನೆಯದು ಇಲ್ಲ. ಹಂಪಣ್ಣ ಹಾಸಿಗೆ ಕೊಡವಿದ, ಹಿಟ್ಟಿನ ಡಬ್ಬಿಗೆ ಕೈ ಹಾಕಿದ, ದೇವರ ಫೋಟೋದ ಹಿಂದೆ ನೋಡಿ ದೇವರ ಕ್ಷಮೆ ಕೇಳಿದ.

ಆ ಒಂದು ಕೋಣೆಯ ಮನೆಯಲ್ಲಿ ಹುಡುಕುವುದೂ ಸುಲಭವಲ್ಲ. ಗಂಡ ಹೆಂಡತಿ ಇಬ್ಬರೂ ಏನನ್ನೂ ಎಸೆಯುವವರಲ್ಲ. ಅಲ್ಲಿ ಹಳೆಯದು ಯಾವುದೂ ಸಾಯುತ್ತಿರಲಿಲ್ಲ, ಇನ್ನೊಂದು ಜನ್ಮ ಎತ್ತುತ್ತಿತ್ತು. ಎಣ್ಣೆ ಡಬ್ಬ ಬಕೆಟ್ಟಾಗಿತ್ತು, ಸ್ಕೂಟರಿನ ಟೈರು ಕೂರುವ ಪೀಠವಾಗಿತ್ತು, ಒಡೆದ ಬಳೆಗಳು ಕಿಟಕಿಯ ಪರದೆಯಾಗಿದ್ದವು. ಯಂಕಮ್ಮ ಹಳೆಯ ಸೀರೆಗಳನ್ನು ಕೌದಿ ಮಾಡುತ್ತಿದ್ದಳು. ಅವಳ ಕೌದಿ ಹೊದ್ದವರು ಇನ್ನೊಂದು ಕೇಳುತ್ತಿದ್ದರು. ಹಂಪಣ್ಣ ಮಾಡಿದ್ದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅವನು ತುಂಬ ಪ್ರೀತಿಯಿಂದ ಮಾಡಿದ್ದು ಗೋಡೆಯ ಮೇಲಿನ ಗಿಳಿಪೆಟ್ಟಿಗೆ. ಪ್ಯಾಕಿಂಗ್ ಹಲಗೆ, ಹವಾಯಿ ಚಪ್ಪಲಿಯ ರಬ್ಬರಿನ ಕೀಲು, ಬಾಗಿಲ ಮೇಲೆ ಕಾಗೆಯಂತೆ ಕಾಣುವ ಹಸಿರು ಗಿಳಿ, ಕೆಳಗೆ ಗಲಗಲ ಎನ್ನುವ ಸೋಡಾ ಮುಚ್ಚಳಗಳ ಸಾಲು. ಸಾಮಾನು ಅಂದಮೇಲೆ ಅದಕ್ಕೊಂದು ಜಾಗ ಇರಬೇಕು ಎಂಬುದು ಅವನ ವಾದ. ಯಂಕಮ್ಮ ಆ ಪೆಟ್ಟಿಗೆಯನ್ನು ದೂಳು ಒರೆಸುವುದಕ್ಕೂ ಮುಟ್ಟುತ್ತಿರಲಿಲ್ಲ.

ಕೊನೆಗೆ ಹಂಪಣ್ಣ ಹೊರಗೆ ಬಂದ. ನಲ್ಲಿಯ ಹತ್ತಿರ ಮನೆಯ ಯಜಮಾನಿ ಪಿಳ್ಳಮ್ಮ ಕೂತಿದ್ದಳು. ಬೀದಿಯಲ್ಲಿ ಅವಳ ಕಣ್ಣು ತಪ್ಪಿಸಿ ಬೆಕ್ಕು ಕೂಡ ದಾಟುತ್ತಿರಲಿಲ್ಲ.

"ಅವ್ವಾರ, ನನ್ನ ಖಾಕಿ ಪ್ಯಾಂಟ್ ಕಂಡೀರೇನ್ರಿ?"

"ನಿನ್ ಪ್ಯಾಂಟಾ? ಅದು ನಿನ್ನೇನೇ ಸತ್ತೋಯ್ತಲ್ಲಪ್ಪ. ಮಂಡಿ ಹತ್ರ ಹರ್ದೋಗಿತ್ತಂತೆ. ನೀನ್ ಮಲಗಿದ್ಮೇಲೆ ನಿನ್ ಹೆಂಡ್ತಿ ಹೊಸ್ಲಲ್ ಕೂತ್ಕೊಂಡು ಕಚಕಚ ಅಂತ ಕತ್ತರ್ಸಿ ಕೌದಿಗೆ ಹೊಲಿದ್ಲು. ನಾನೇ ಕಣ್ಣಾರೆ ನೋಡ್ದೆ."

"ಕೌದಿ ಎಲ್ಲೈತ್ರಿ?"

"ಬೆಳಗ್ಗೇನೇ ತಗೊಂಡೋದ್ಲು, ಶಿವಾಜಿನಗರಕ್ಕೆ. ಪಕ್ಕದ್ ರೂಮಲ್ಲಿದ್ಲಲ್ಲ ಮೆಹರುನ್ನೀಸಾ, ಅವಳ ಮಗಳು ಸಾಬಿರಾ ಹೆತ್ತವ್ಳೆ. ಆ ಕೂಸಿಗಂತೆ. ಹಂಗೇ ಬೆನ್ಸನ್ ಟೌನ್‌ಗೋಗ್ತೀನಿ ಅಂದ್ಲು."

ಯಂಕಮ್ಮನನ್ನೇ ಕೇಳೋಣವೆಂದರೆ, ಮೊಬೈಲು ದೊಡ್ಡ ಸಾಹೇಬರ ಸೊಂಟದಲ್ಲಿ ಮಾತ್ರ ಇದ್ದ ಕಾಲ. ಅವಳ ಬಂಗಲೆಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಗೇಟು ಹಸಿರು ಎಂಬುದೊಂದೇ. ಬೆನ್ಸನ್ ಟೌನಿನಲ್ಲಿ ಅರ್ಧ ಗೇಟುಗಳು ಹಸಿರು.

"ಯಾಕಪ್ಪ, ಪ್ಯಾಂಟಲ್ಲಿ ಏನಾರ ಇತ್ತಾ?" ಪಿಳ್ಳಮ್ಮ ಕಣ್ಣು ಕಿರಿದು ಮಾಡಿದಳು.

ಬೀಗದಕೈ ಎಂದರೆ ಸಂಜೆಯೊಳಗೆ ಸುದ್ದಿ ಕೆ.ಆರ್. ಪುರದ ಮುನಿರಾಜಪ್ಪನವರ ಮನೆ ಮುಟ್ಟುತ್ತದೆ. "ಏನಿಲ್ರಿ. ಆ ಪ್ಯಾಂಟ್ ಮ್ಯಾಲ ಭಾಳ ಪ್ರೀತಿ ನಂಗ. ವಾಪಸ್ ತರ್ತೀನಿ."

"ಹಸಿ ಕೂಸಿನ ಮೈಮೇಲಿಂದ ಪ್ಯಾಂಟ್ ಕಿತ್ಕೊಂಡ್ ಬರೋಕೆ ಬರಿಗೈಲಿ ಹೋಗ್ತೀಯೇನಪ್ಪ? ಕೊಟ್ಟಿದ್ದನ್ನ ವಾಪಸ್ ಕೇಳೋವಾಗ ಬದ್ಲಿಗೇನಾರ ಕೊಡ್ಬೇಕು."

ಮಾತು ಸರಿಯಾಗಿಯೇ ಇತ್ತು. ಹಂಪಣ್ಣ ಒಳಗೆ ಹೋಗಿ ಸುತ್ತ ನೋಡಿದ. ಟೈರಿನ ಪೀಠ ಬಸ್ಸಿಗೆ ಹತ್ತುವಂಥದ್ದಲ್ಲ. ಕೊಡಲು ಯೋಗ್ಯವಾದದ್ದು ಒಂದೇ. ಒಲ್ಲದ ಮನಸ್ಸಿನಿಂದ ಗಿಳಿಪೆಟ್ಟಿಗೆಯನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ. ಅವನು ಬೀದಿ ದಾಟುವಷ್ಟರಲ್ಲಿ, ಹಂಪಣ್ಣ ಪ್ಯಾಂಟಿಗಾಗಿ ಬಾಣಂತಿ ಮನೆಗೆ ಜಗಳಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ಅವನಿಗಿಂತ ಮುಂದೆ ಬಸ್ ಸ್ಟಾಪಿನಲ್ಲಿ ನಿಂತಿತ್ತು.

ಬಸ್ಸಿನಲ್ಲಿ ಪ್ರತಿ ಹಳ್ಳಕ್ಕೂ ಪೆಟ್ಟಿಗೆ ಗಲಗಲ ಎಂದಿತು. "ಏನ್ರೀ ಅದು, ಕೋಳಿ ಗೂಡಾ?" ಎಂದ ಕಂಡಕ್ಟರ್. "ಕೀಲಿಕೈ ಇಡೂದ್ರಿ, ಸ್ವಂತ ಕೈಯಾಗ ಮಾಡೀನಿ" ಎಂದ ಹಂಪಣ್ಣ, ಆ ಸಂಕಟದಲ್ಲೂ ಸ್ವಲ್ಪ ಎದೆ ಉಬ್ಬಿಸಿ. "ಕಾಗೆ ಚೆನ್ನಾಗಿದೆ" ಎಂದು ಕಂಡಕ್ಟರ್ ಮುಂದೆ ಹೋದ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತೇಬಿಟ್ಟಿತು. ಹಲಸೂರಿನಲ್ಲಿ ಮತ್ತೆ ನಿಂತಿತು. ಹಂಪಣ್ಣ ಕೂತಲ್ಲೇ ಕಾಲು ಒತ್ತಿ ಬಸ್ಸನ್ನು ತಾನೇ ತಳ್ಳುತ್ತಿದ್ದ.

ಮೆಹರುನ್ನೀಸಾ ಅವನನ್ನು ನೋಡಿ ಮುಖವರಳಿಸಿದಳು. "ಅರೆ, ಹಂಪಣ್ಣ ಭಾಯ್, ಬನ್ನಿ ಬನ್ನಿ. ಬೆಳಗ್ಗೆ ಯಂಕಮ್ಮ, ಈಗ ನೀವು. ನಮ್ಮ ಮೊಮ್ಮಗಳ ನಸೀಬು ನೋಡಿ."

ಮೊಮ್ಮಗಳು ಕೌದಿಯ ಮೇಲೆ ಮಲಗಿದ್ದಳು. ಕೆಂಪು, ಹಳದಿ, ನೀಲಿ ಸೀರೆಯ ಚೂರುಗಳ ನಡುವೆ ಒಂದು ಖಾಕಿ ಚೌಕ. ಕೂಸಿನ ತಲೆ ಸರಿಯಾಗಿ ಅದರ ಮೇಲೇ ಇತ್ತು. ನಿಮ್ಮ ಮೊಮ್ಮಗಳು ಮಲಗಿರುವುದು ನನ್ನ ಪ್ಯಾಂಟಿನ ಹಿಂಭಾಗದ ಮೇಲೆ ಎಂದು ಹೇಗೆ ಹೇಳುವುದು? ಹಂಪಣ್ಣ ಕೂಸನ್ನು ಮುದ್ದಾಡುವ ನೆವದಲ್ಲಿ ಬಗ್ಗಿ ಕೌದಿಯನ್ನು ತಡವಿದ. ಮೂಲೆಯಲ್ಲಿ ಬೆರಳುದ್ದದ ಗಟ್ಟಿ ವಸ್ತುವೊಂದು ಸಿಕ್ಕಿತು. ಬೀಗದಕೈಯೇ ಎಂದುಕೊಂಡ.

ಆದರೆ ಸಿಕ್ಕಿದ್ದನ್ನು ತೆಗೆಯುವುದು ಹೇಗೆ? ಅವನ ಸೀಮೆಯಲ್ಲಿ ಕೌದಿ ಹೊಲಿದು ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಇಟ್ಟು ಕೌದಿಯ ಹೊಟ್ಟೆ ತುಂಬಿಸುತ್ತಾರೆ. ಹೊಟ್ಟೆ ತುಂಬಿದ ಕೌದಿಗೆ ಕತ್ತರಿ ಹಾಕಬಾರದು. ಹಾಕಿದವನ ಹೊಟ್ಟೆಯ ಮೇಲೆ ಏಟು ಬೀಳುತ್ತದೆ ಎಂದು ಅವನ ಅವ್ವ ಹೇಳುತ್ತಿದ್ದಳು. ಅದೂ ಕೂಸಿನ ಕೌದಿಯನ್ನು ಕೂಸಿನ ಅಜ್ಜಿಯ ಎದುರಿಗೇ ಸೀಳುವುದುಂಟೇ? ಹಂಪಣ್ಣ ಹೀಗೆ ಒದ್ದಾಡುತ್ತಿರುವಾಗ ಕೂಸು ತನ್ನ ಪಾಲಿನ ಸಹಾಯ ಮಾಡಿತು. ಕೌದಿ ಒದ್ದೆಯಾಯಿತು.

"ಕೊಡ್ರಿ ಅಕ್ಕಾರ, ನಾ ತೊಳಕೊಂಡು ಬರ್ತೀನಿ" ಎಂದ ಹಂಪಣ್ಣ ತಟ್ಟನೆ.

"ತೌಬಾ ತೌಬಾ, ನೀವು ಗಂಡಸು ಇದನ್ನ ತೊಳೀತೀರಾ?"

"ಹಂಗಲ್ರಿ, ಅದು ನಮ್ ಕಡೀ ಪದ್ಧತಿ. ಕೂಸು ಮೊದಲ ಸಲ ಒದ್ದಿ ಮಾಡಿದ ಕೌದೀನ ಹೊಲದೋರ ಮನ್ಯಾಗೇ ತೊಳೀಬೇಕು. ಅಲ್ಲೀತನಕ ಕೂಸಿಗೆ ಇದನ್ನ ಕೊಡಬೇಕು" ಎಂದು ಗಿಳಿಪೆಟ್ಟಿಗೆಯನ್ನು ಮುಂದಿಟ್ಟ.

ಅಂಥ ಪದ್ಧತಿ ಆ ಕ್ಷಣದವರೆಗೆ ಯಾವ ಸೀಮೆಯಲ್ಲೂ ಹುಟ್ಟಿರಲಿಲ್ಲ. ಆದರೆ ಪದ್ಧತಿ ಎಂದಮೇಲೆ ಮೆಹರುನ್ನೀಸಾ ಮರುಮಾತಾಡುವವಳಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎರಡೂ ಕೈಯಿಂದ ಕೌದಿ ಕೊಟ್ಟು, ಎರಡೂ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಒದ್ದೆ ಕೌದಿಯ ವಾಸನೆಗೆ ಹಂಪಣ್ಣನಿಗೆ ಮೂವರು ಕೂರುವ ಸೀಟು ಪೂರ್ತಿ ಸಿಕ್ಕಿತು.

ಮನೆಗೆ ಬಂದವನೇ ಬಾಗಿಲು ಹಾಕಿಕೊಂಡ. ಕೌದಿಗೆ ಕೈಮುಗಿದು "ತಪ್ಪಾತವ್ವ" ಎಂದು ಕತ್ತರಿ ಹಾಕಿದ. ಮೂಲೆಯಿಂದ ಗಟ್ಟಿ ವಸ್ತು ಕೈಗೆ ಬಂತು. ಅದು ಒಂದು ಉತ್ತತ್ತಿ. ಅವನು ನಂಬಲಾರದೆ ಅದನ್ನು ತಿರುಗಿಸಿ ನೋಡಿದ. ಉತ್ತತ್ತಿ ಉತ್ತತ್ತಿಯಾಗಿಯೇ ಉಳಿಯಿತು. ಖಾಕಿ ಚೌಕವನ್ನು ಬಿಚ್ಚಿದ. ಜೇಬು ಖಾಲಿ. ಕೆಂಪು ಬಿಚ್ಚಿದ, ಹಳದಿ ಬಿಚ್ಚಿದ, ನೀಲಿಯನ್ನೂ ಬಿಡಲಿಲ್ಲ. ಯಂಕಮ್ಮ ಬಾಗಿಲು ತಳ್ಳಿ ಒಳಗೆ ಬಂದಾಗ ಅವಳ ತಿಂಗಳ ಕೆಲಸ ನೆಲದ ತುಂಬ ಹರಡಿತ್ತು, ನಡುವೆ ಗಂಡ ಕತ್ತರಿ ಹಿಡಿದು ಕೂತಿದ್ದ.

"ಯವ್ವಾ, ಏನ್ ಮಾಡೀರಿ ಇದು? ಹೊಟ್ಟಿ ತುಂಬಿದ ಕೌದಿ ಸೀಳೀರಲ್ಲ. ಆ ಉತ್ತತ್ತಿ ಮುಂಜಾನೆ ಕಡೀ ಮೂಲಿ ಹೊಲಿಯೂ ಮುಂಚೆ ಮೆಹರುನ್ನೀಸಕ್ಕ ತನ್ನ ಕೈಯಾರೆ ಇಟ್ಟಿದ್ದಳು."

"ನನ್ನ ಕೀಲಿಕೈ ಎಲ್ಲೈತೆ ಯಂಕಿ? ಪ್ಯಾಂಟಿನ ಜೇಬಿನಾಗಿತ್ತು."

"ಅದಾ? ಪ್ಯಾಂಟ್ ಕತ್ತರಸೂ ಮುಂಚೇನೇ ತಗದಿಟ್ಟೀನಿ. ತಿಂಗಳಿಂದ ಬಡಕೋತಿದ್ರಲ್ಲ, ಕೀಲಿಕೈ ಅಂದ್ರ ಪೆಟ್ಟಿಗ್ಯಾಗ ಇರಬೇಕು, ಪೆಟ್ಟಿಗ್ಯಾಗ ಇರಬೇಕು ಅಂತ. ಒಂದಿನಾರ ಗಂಡನ ಮಾತು ಕೇಳೂಣು ಅಂತ ಅದರಾಗ ಇಟ್ಟೆ." ಯಂಕಮ್ಮ ಗೋಡೆಯ ಕಡೆ ತಿರುಗಿದಳು. ಅಲ್ಲಿ ಮೊಳೆ ಮಾತ್ರ ಇತ್ತು. "ಪೆಟ್ಟಿಗಿ ಎಲ್ಲಿ?"

ಹೊರಗೆ ಸ್ಕೂಟರ್ ನಿಂತಿತು.

"ನಡಿ ಹಂಪಣ್ಣ, ಲಾರಿ ಬಂತು. ಕೀ ತಗೊ" ಎನ್ನುತ್ತ ಮುನಿರಾಜಪ್ಪ ಒಳಗೆ ಬಂದರು. ಹಿಂದೆಯೇ ಪಿಳ್ಳಮ್ಮ.

"ಚಾ ಕುಡೀರಿ ಸರ್, ಕೂಡ್ರಿ" ಎಂದ ಹಂಪಣ್ಣ.

"ಚಾ ಬೇಡ, ಕೀ."

"ಅವನಿಗೆ ಬೆಳಗ್ಗಿಂದ ಪ್ಯಾಂಟೇ ಸಿಕ್ಕಿಲ್ಲ, ಕೀ ಎಲ್ಲಿಂದ ಬರುತ್ತೆ ಸ್ವಾಮಿ?" ಎಂದಳು ಪಿಳ್ಳಮ್ಮ, ಸಹಾಯ ಮಾಡುವ ದನಿಯಲ್ಲಿ.

ಮುನಿರಾಜಪ್ಪನವರ ಹುಬ್ಬು ಗಂಟಾಯಿತು. ಹಂಪಣ್ಣ ಮನಸ್ಸಿನಲ್ಲೇ ಊರಿನ ದೇವರಿಗೆಲ್ಲ ಕಾಯಿ ಹೇಳಿಕೊಳ್ಳತೊಡಗಿದ. ಅಷ್ಟರಲ್ಲಿ ಬೀದಿಯಲ್ಲಿ ಗಲಗಲ ಸದ್ದು ಕೇಳಿತು. ಮೆಹರುನ್ನೀಸಾಳ ಮಗ ಅಕ್ತರ್ ಗಿಳಿಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹಂಪಣ್ಣ ಭಾಯ್, ಪದ್ಧತಿ ಮುಗೀತಾ? ಆ ಕೌದಿ ಇಲ್ದೆ ಮಗು ಕಣ್ಣೇ ಮುಚ್ತಿಲ್ಲ. ಇದರ ಸದ್ದು ಕೇಳಿದ್ರೆ ಇನ್ನೂ ಅಳುತ್ತೆ. ಅಮ್ಮಿ ಇದನ್ನ ಕೊಟ್ಟು ಅದನ್ನ ತಗೊಂಡ್ ಬಾ ಅಂದ್ರು. ಒಳಗೆ ಯಾವ್ದೋ ಕೀ ಬೇರೆ ಇದೆ."

ಹಂಪಣ್ಣ ಪೆಟ್ಟಿಗೆ ಕಸಿದುಕೊಂಡು ಅದರ ಬಾಗಿಲು ತೆರೆದ. ಬೀಗದಕೈ ಇಟ್ಟಲ್ಲೇ ತೂಗುತ್ತಿತ್ತು. ಹೋದ ಜೀವ ಬಂತು. ಬಂದದ್ದಷ್ಟೇ ಅಲ್ಲ, ಸ್ವಲ್ಪ ಹೆಚ್ಚಿಗೇ ಬಂತು. "ನೋಡ್ರಿ ಸರ್" ಎಂದ. "ಶಿವಾಜಿನಗರಕ್ಕ ಹೋಗಿ ಬಂದ್ರೂ ಕೀಲಿಕೈ ಅಳ್ಳಾಡಿಲ್ಲ. ಸ್ವಂತ ಕೈಯಾಗ ಮಾಡಿದ ಪೆಟ್ಟಿಗಿ."

ಮುನಿರಾಜಪ್ಪ ಪೆಟ್ಟಿಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಬಾಗಿಲು ತೆರೆದರು, ಮುಚ್ಚಿದರು, ಸೋಡಾ ಮುಚ್ಚಳ ಅಲ್ಲಾಡಿಸಿದರು. "ನೀನೇ ಮಾಡಿದ್ದಾ? ಚೆನ್ನಾಗ್ ಮಾಡಿದೀಯ ಕಣೋ. ಗಿಳಿನೂ ಚೆನ್ನಾಗೈತೆ."

ಗಿಳಿಯನ್ನು ಗಿಳಿ ಎಂದ ಮೊದಲ ಮನುಷ್ಯ. ಹಂಪಣ್ಣನ ಕಣ್ಣು ತುಂಬಿ ಬಂತು.

"ಇಷ್ಟ್ ದಿನ ನಂಗೆ ಹೊಳೀಲೇ ಇಲ್ವಲ್ಲ" ಎಂದರು ಮುನಿರಾಜಪ್ಪ. "ಮನುಷ್ಯ ಮರೀತಾನೆ, ಪೆಟ್ಟಿಗೆ ಮರಿಯಲ್ಲ. ಇದನ್ನ ಗೇಟಲ್ಲಿ ಸೆಕ್ಯೂರಿಟಿ ಮುಂದೇನೇ ಗೋಡೆಗೆ ಹೊಡಿಸ್ತೀನಿ. ಯಾರ್ ಮುಟ್ಟಿದ್ರೂ ಗಲಗಲ ಅನ್ನುತ್ತೆ. ಮ್ಯಾನೇಜರ್ ಕೇಳ್ತಿದ್ದಿದ್ದೇ ಇದು."

"ಮತ್ತ ನಾನು, ಸರ್?"

"ನೀನು ನಾಳೆಯಿಂದ ಲೋಡಿಂಗ್‌ಗೆ ಬಾ. ಪರ್ಮನೆಂಟ್ ವಿಷ್ಯ ಮುಂದೆ ನೋಡೋಣ."

ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅವರು ಹೊರಟರು. ಗಲಗಲ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿತು. "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ" ಎಂದು ಪಿಳ್ಳಮ್ಮ ನಿಟ್ಟುಸಿರುಬಿಟ್ಟು, ಈ ಸುದ್ದಿಯನ್ನು ಯಾರಿಗೆ ಮೊದಲು ಹೇಳುವುದೆಂದು ಯೋಚಿಸುತ್ತ ಹೊರಗೆ ಹೋದಳು. ಹಂಪಣ್ಣ ಟೈರಿನ ಪೀಠದ ಮೇಲೆ ಕುಸಿದು ಕೂತ. ಅವ್ವನ ಮಾತು ಸುಳ್ಳಾಗಿರಲಿಲ್ಲ.

ಅಕ್ತರ್ ಹೊಸ್ತಿಲಲ್ಲಿ ಕಾಯುತ್ತಿದ್ದ. ಯಂಕಮ್ಮ ಚೂರುಗಳನ್ನು ಬಾಚಿಕೊಂಡು, ಸೂಜಿಗೆ ದಾರ ಪೋಣಿಸಿ ಹೊಲಿಯತೊಡಗಿದಳು. ಕೊನೆಯ ಮೂಲೆಗೆ ಬಂದಾಗ ಗಂಡನ ಕಡೆ ಕೈಚಾಚಿದಳು.

"ಆ ಉತ್ತತ್ತಿ ಕೊಡ್ರಿ. ಹಸಿದ ಕೌದಿ ಕೂಸಿಗೆ ಹೊಚ್ಚಬಾರದು."

ಬೆಳಗಿನಿಂದ ಹಂಪಣ್ಣನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಬೀಜ ಒಂದೇ ಉಳಿದಿತ್ತು.