ಅಧ್ಯಕ್ಷರ ಕೆನ್ನೆ ಯಾರಿಗೆ ಸೇರಿದ್ದು?

ಮನುಷ್ಯನ ದೇಹ ಎಲ್ಲಿ ಮುಗಿಯುತ್ತದೆ, ಹಲ್ಲು ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಯಾವ ಗೊಂದಲವೂ ಇರಲಿಲ್ಲ. ಗೊಂದಲವಿದ್ದದ್ದು ಪದವಿಯ ಕೊನೆಯ ವರ್ಷದ ಒಬ್ಬ ಹುಡುಗಿಗೆ ಮಾತ್ರ. ಮುಂದೆ ವೈದ್ಯಕೀಯವೋ ದಂತವೈದ್ಯಕೀಯವೋ ಅವಳಿಗೆ ಬಗೆಹರಿದಿರಲಿಲ್ಲ. ಇಂಥವರನ್ನು ಆಡಳಿತದ ಭಾಷೆಯಲ್ಲಿ ‘ಅನಿರ್ಧಾರಿತರು’ ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಅವರಿಗೆ ಎಲ್ಲರದೂ ಆದ ಮೇಲೆ ಬಡಿಸುತ್ತಿದ್ದರು.

ಮನೆಯಲ್ಲಿ ಅಮ್ಮನದು ಒಂದೇ ಹಟ. “ಬರೀ ಹಲ್ಲು ನೋಡೋಕೆ ಇಷ್ಟೆಲ್ಲ ಓದ್ಬೇಕಾ? ಇಡೀ ಮನುಷ್ಯನನ್ನೇ ನೋಡು.”

ಸೋದರಮಾವ ಬಿಡುತ್ತಿರಲಿಲ್ಲ. “ಹೃದಯ ಇರೋದು ಒಂದೇ ಕಣಕ್ಕಾ, ಕೈ ತಪ್ಪಿದ್ರೆ ಕಥೆ ಮುಗೀತು. ಹಲ್ಲು ಮೂವತ್ತೆರಡು. ಒಂದು ಹೋದ್ರೂ ಡಾಕ್ಟರಿಗೆ ಇನ್ನೂ ಮೂವತ್ತೊಂದು ಅವಕಾಶ.”

ಹುಡುಗಿಗೆ ಇಬ್ಬರು ಹೇಳುವುದೂ ಸರಿಯೆನಿಸುತ್ತಿತ್ತು. ಅವಳ ಕಾಯಿಲೆಯೇ ಅದು.

ಅನಿರ್ಧಾರಿತರು ಮಾರ್ಗದರ್ಶನ ಮಂಡಳಿಯ ಮುಂದೆ ಹಾಜರಾಗತಕ್ಕದ್ದು, ನಿರ್ಧರಿಸದ ಹೊರತು ಕೊಠಡಿಯಿಂದ ಹೊರಹೋಗತಕ್ಕದ್ದಲ್ಲ ಎಂದು ನಿಯಮವಿತ್ತು. ಹುಡುಗಿ ಹಾಜರಾದಳು. ಉದ್ದ ಮೇಜಿನ ನಡುವೆ ಅಧ್ಯಕ್ಷರು, ಬಲಕ್ಕೆ ವೈದ್ಯ ಪ್ರೊಫೆಸರು, ಎಡಕ್ಕೆ ದಂತ ಪ್ರೊಫೆಸರು. ಅಧ್ಯಕ್ಷರ ಒಂದು ಕೆನ್ನೆ ಚೆಂಡಿನಂತೆ ಊದಿಕೊಂಡಿತ್ತು.

“ಏನಮ್ಮಾ, ಯಾವುದು ನಿನ್ನ... ಅಯ್ಯಯ್ಯೋ!” ಎಂದು ಅವರು ಕಲಾಪ ಆರಂಭಿಸಿದರು.

ವೈದ್ಯ ಪ್ರೊಫೆಸರು ಎದ್ದರು. “ಊತ ಹೊರಗಿದೆ. ಹೊರಗಿರೋದೆಲ್ಲ ನಮ್ಮದು.”

“ನೋವು ಒಳಗಿದೆ,” ಎಂದರು ದಂತ ಪ್ರೊಫೆಸರು. “ಬಾಯಿ ಒಳಗಿರೋದೆಲ್ಲ ನಮ್ಮದು. ಕೈ ತೆಗೀರಿ.”

“ಒಂದೇ ಕೆನ್ನೆ ಅಲ್ವೇನ್ರೀ?” ಎಂದರು ವೈದ್ಯ ಪ್ರೊಫೆಸರು.

“ಬದಿ ಎರಡು ಇದೆಯಲ್ಲ ಸ್ವಾಮಿ!”

ಇಬ್ಬರೂ ಕಾನೂನಿಗೆ ತಲೆಬಾಗುವವರಾದ್ದರಿಂದ ಇಬ್ಬರೂ ಕೈ ಹಿಂದಕ್ಕೆಳೆದುಕೊಂಡರು. ಕೆನ್ನೆಯ ದಪ್ಪವನ್ನು ಅಳೆದು ಗಡಿ ಗುರುತಿಸುವವರೆಗೆ ಯಾರೂ ಅದನ್ನು ಮುಟ್ಟಕೂಡದೆಂಬ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅಧ್ಯಕ್ಷರು ಕಣ್ಣೀರು ಒರೆಸಿಕೊಳ್ಳುತ್ತಲೇ ಕೈ ಎತ್ತಿದರು.

ಹುಡುಗಿಗೆ ನೋಡಲಾಗಲಿಲ್ಲ. “ಸರ್, ಸ್ವಲ್ಪ ಬಾಯಿ ತೆಗೀತೀರಾ?” ಎಂದಳು. ಫೋನಿನ ಬೆಳಕು ಬಿಟ್ಟು ಇಣುಕಿದರೆ ಕೊನೆಯ ದವಡೆ ಹಲ್ಲಿನ ಬುಡದಲ್ಲಿ ಪೆನ್ಸಿಲಿನ ಸಿಬಿರು! ಮಾರ್ಗದರ್ಶನ ಮಾಡುವಾಗ ಪೆನ್ಸಿಲು ಅಗಿಯುವುದು ಅಧ್ಯಕ್ಷರ ಅಭ್ಯಾಸ. ಬಲಗಡೆಯವರ ಚೀಲದಿಂದ ಹತ್ತಿ, ಸ್ಪಿರಿಟ್ಟು ಎತ್ತಿಕೊಂಡಳು. ಎಡಗಡೆಯವರ ಪೆಟ್ಟಿಗೆಯಿಂದ ಚಿಮುಟ. ಇನ್ನೊಂದು ಕೈಯಲ್ಲಿ ಕೆನ್ನೆ ಹಿಡಿದು ಎಳೆದಳು. ಬಂತು.

ಅಧ್ಯಕ್ಷರು “ಆಹಾ...” ಎಂದರು. ಹುಳ್ಳಗಿದ್ದ ಮುಖ ಅರಳಿ, ಮಗುವಿನ ಹಾಗೆ ನಕ್ಕುಬಿಟ್ಟರು. ಆ ನಗು ನೋಡಿ ಹುಡುಗಿಯ ಎದೆಯೊಳಗೆ ಏನೋ ಕುಣಿಯಿತು. ಇಷ್ಟು ದಿನ ತಲೆಯಲ್ಲಿ ತೂಗಿದ್ದೆಲ್ಲ ಕೈಗೆ ಮೊದಲೇ ಗೊತ್ತಿತ್ತು ಅನ್ನಿಸಿತು.

“ಸರ್, ನಿರ್ಧಾರ ಮಾಡ್ಬಿಟ್ಟೆ! ನಾನು ಹಲ್ಲಿನ...”

“ಹೇಳ್ಬೇಡ!” ಮೂವರೂ ಒಟ್ಟಿಗೆ ಕೂಗಿದರು.

ಅಧ್ಯಕ್ಷರು ಅವಳನ್ನು ಕೂರಿಸಿ ತಿಳಿಹೇಳಿದರು. “ನೋಡಮ್ಮಾ, ನೀನು ವೈದ್ಯರ ಕಡೆಯವಳಾದ್ರೆ ನನ್ನ ಬಾಯಿಗೆ ಕೈ ಹಾಕಿದ್ದು ಅಪರಾಧ. ಹಲ್ಲಿನವರ ಕಡೆಯವಳಾದ್ರೆ ಕೆನ್ನೆ ಹಿಡಿದಿದ್ದು ಅಪರಾಧ. ಅನಿರ್ಧಾರಿತೆಗೆ ಇದ್ಯಾವ ನಿಯಮವೂ ತಗಲಲ್ಲ. ನಿನ್ನಂಥವಳು ಇಲ್ದೆ ಈ ಸಂಸ್ಥೆ ನಡೆಯೋದು ಹೇಗೆ?”

ನಿರ್ಧರಿಸದೆಯೇ ಕೊಠಡಿಯಿಂದ ಹೊರಹೋಗಲು ಅವಳಿಗೆ ವಿಶೇಷ ಅನುಮತಿ ಸಿಕ್ಕಿತು. ಮರುದಿನ ಪ್ರಕಟಣೆ ಹೊರಬಿತ್ತು: “ಉಭಯ ವಿಭಾಗಗಳ ಗಡಿಯಲ್ಲಿ ಬರುವ ಸಮಸ್ತ ಕೆನ್ನೆ, ತುಟಿ ಹಾಗೂ ನಾಲಿಗೆಗಳ ಉಸ್ತುವಾರಿಗೆ ಒಬ್ಬ ಕಾಯಂ ಅನಿರ್ಧಾರಿತೆಯನ್ನು ನೇಮಿಸಲಾಗಿದೆ. ಸದರಿಯವರು ದಂತವೈದ್ಯಕೀಯ ತರಗತಿಗಳಿಗೆ ಹಾಜರಾಗಬಹುದು. ಆದರೆ ಆಸಕ್ತಿ ತೋರತಕ್ಕದ್ದಲ್ಲ.”

ಹುಡುಗಿ ಮೊದಲ ಬೆಂಚಿನಲ್ಲಿ ಕೂತು, ಯಾರಾದರೂ ತಪಾಸಣೆಗೆ ಬಂದಾಗ ತಪ್ಪದೆ ಆಕಳಿಸುತ್ತ, ಉಳಿದ ಹೊತ್ತು ಕಣ್ಣರಳಿಸಿ ಹಲ್ಲುಗಳನ್ನು ಕಲಿತಳು. ಕ್ಯಾಂಟೀನಿನಲ್ಲಿ ಈಗ ಮೊದಲ ಪಂಕ್ತಿ ಅವಳದೇ. ವೈದ್ಯ ಪ್ರೊಫೆಸರು ನಾಲಿಗೆಯ ಹುಣ್ಣು ತೋರಿಸಲು ಅವಳ ಬಳಿಗೆ ಹಿಂಬಾಗಿಲಿನಿಂದ ಬಂದರು. ದಂತ ಪ್ರೊಫೆಸರು ತುಟಿ ಒಡೆದದ್ದಕ್ಕೆ ಮುಂಬಾಗಿಲಿನಿಂದ.

ಅಮ್ಮ ಅಕ್ಕಪಕ್ಕದವರ ಮುಂದೆ ಎದೆಯುಬ್ಬಿಸಿ ಹೇಳಿಕೊಂಡಳು. “ನಮ್ಮ ಹುಡುಗಿ ಅನಿರ್ಧಾರಿತೆ, ಗೊತ್ತಾ? ಅದೂ ಕಾಯಂ!”

ಸೋದರಮಾವ ತಡಮಾಡಲಿಲ್ಲ. ಊರಿನಲ್ಲಿ ಹೊಸದಾಗಿ ತೆರೆದಿದ್ದ ಅನಿರ್ಧಾರ ತರಬೇತಿ ಕೇಂದ್ರಕ್ಕೆ ತನ್ನ ಮಗನನ್ನು ಕಳಿಸಿದ. ಪ್ರವೇಶ ಪರೀಕ್ಷೆಯ ದಿನ ಆ ಹುಡುಗ ಒಳಗೆ ಹೋಗುವುದೋ ಬೇಡವೋ ಎಂದು ಬಾಗಿಲಲ್ಲೇ ನಿಂತುಬಿಟ್ಟ. ಮೊದಲ ಸ್ಥಾನ ಅವನಿಗೇ ಬಂತು.